ಅತ್ತೆಯನ್ನು ನೋಡಲು ಇರಾನ್‌ಗೆ ಹೋಗೋದಾ, ಬೇಡ್ವಾ? ಎರಡು ಪೌರತ್ವ ಇರುವವರ ಕಷ್ಟ

ಕುಕ್ಕರಹಳ್ಳಿ ಕೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನು ಮೈಸೂರಿನವಳು. ಈಗ ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿದ್ದೇನೆ. ನಮ್ಮ ಯಜಮಾನರು ಇರಾನ್‌ನ ಶಿರಾಜ್ ಊರಿನವರು. ಮೈಸೂರಿಗೆ ಓದಲು ಬರುತ್ತಿದ್ದ ಇರಾನಿ ಹುಡುಗರ ನೆನಪು ಇಲ್ಲಿ ಕೆಲವರಿಗಾದರೂ ಇರಬೇಕು, ಸರಸ್ವತಿಪುರಂ ಕಡೆ ನಾಲ್ಕೈದು ಜನ ಸೇರಿ ಮನೆ ಬಾಡಿಗೆಗೆ ಹಿಡಿಯುತ್ತಿದ್ದರು, ಓನರ್ ಹತ್ತಿರ ದಿನಾ ನೀರಿನ ವಿಷಯಕ್ಕೆ ಬೈಸಿಕೊಳ್ಳುತ್ತಿದ್ದರು. ಅವರಲ್ಲೊಬ್ಬರು ಇವರು. ಮದುವೆಯಾಗಿದ್ದು ಮೈಸೂರಿನಲ್ಲೇ, ರಿಜಿಸ್ಟರ್ ಮದುವೆ. ಆಮೇಲೆ ಇಬ್ಬರೂ ಇಲ್ಲಿಗೆ ಬಂದೆವು, ಇಬ್ಬರಿಗೂ ಬ್ರಿಟಿಷ್ ಪಾಸ್‌ಪೋರ್ಟ್ ಆಯಿತು. ಮಗಳಿಗೆ ಹತ್ತು ವರ್ಷ, ಇಲ್ಲೇ ಹುಟ್ಟಿದವಳು.

ನಮ್ಮ ಅತ್ತೆಗೆ 78. ಮಂಡಿ ಹೋಗಿದೆ, ಸಕ್ಕರೆ ಕಾಯಿಲೆಯೂ ಇದೆ. 2014ರಲ್ಲಿ ಮಗನನ್ನು ನೋಡಿದ್ದೇ ಕೊನೆ. ಮೊಮ್ಮಗಳನ್ನು ಫೋನಿನಲ್ಲಿ ಮಾತ್ರ ಕಂಡಿದ್ದಾರೆ. ಬರುವ ಮಾರ್ಚ್‌ನಲ್ಲಿ ನೌರೂಜ್ ಇದೆ, ಅವರ ಯುಗಾದಿ ಅಂತಿಟ್ಟುಕೊಳ್ಳಿ. ಆ ಹೊತ್ತಿಗೆ ಹೋಗಿ ಬರೋಣ ಅಂತ ಇವರಿಗೆ ಆಸೆ. "ನಾನೇನು ರಾಜಕೀಯ ಮಾಡಿದವನಾ? ದಿನಾ ಆಫೀಸು, ವಾರಕ್ಕೊಮ್ಮೆ ಅಂಗಡಿ. ನನ್ನನ್ನು ಹಿಡಿದು ಅವರಿಗೇನು ಸಿಗುತ್ತೆ?" ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಗೊತ್ತಿರುವವರು ಹೇಳಿ, ಇಂಥ ಕುಟುಂಬ ಹೋಗಬಹುದಾ?

ಲೀಡ್ಸ್ ರೊಟ್ಟಿ

ಬೇಡ. ಹೋಗಬೇಡಿ.

ಇಷ್ಟೇ ಬರೆದು ಹೋಗೋಣ ಅಂದುಕೊಂಡೆ, ಆದರೆ ನಿಮ್ಮ ಯಜಮಾನರ ಆ ಮಾತು ಇದೆಯಲ್ಲ, "ನನ್ನನ್ನು ಹಿಡಿದು ಏನು ಸಿಗುತ್ತೆ" ಅಂತ, ಅದು ನಜನೀನ್ ಜಘಾರಿ ರಾಟ್‌ಕ್ಲಿಫ್ ಕಥೆ ನೆನಪಿಸಿತು. ಇಂಗ್ಲೆಂಡ್‌ನಲ್ಲಿದ್ದೀರಿ, ಹೆಸರು ಕೇಳಿಯೇ ಇರುತ್ತೀರಿ. ಆಕೆಗೂ ಬ್ರಿಟನ್, ಇರಾನ್ ಎರಡೂ ಪೌರತ್ವ, ಆಕೆಯೂ ನೌರೂಜ್‌ಗೆ ಅಪ್ಪ ಅಮ್ಮನನ್ನು ನೋಡಲು ಹೋದವಳೇ. ಒಂದು ದತ್ತಿ ಸಂಸ್ಥೆಯಲ್ಲಿ ಕೆಲಸ, ರಾಜಕೀಯ ಏನೂ ಇಲ್ಲ. ಹಬ್ಬ ಮುಗಿಸಿ ವಾಪಸ್ ಹೊರಟಾಗ, 2016ರ ಏಪ್ರಿಲ್ 3ರಂದು, ಟೆಹ್ರಾನ್ ವಿಮಾನ ನಿಲ್ದಾಣದಲ್ಲಿ ರೆವಲ್ಯೂಷನರಿ ಗಾರ್ಡ್ ಅನ್ನುವ ಅಲ್ಲಿನ ವಿಶೇಷ ಸೇನಾಪಡೆಯವರು ಹಿಡಿದರು. ಕಂಕುಳಲ್ಲಿ 22 ತಿಂಗಳ ಮಗು. ಮಗುವಿನ ಬ್ರಿಟಿಷ್ ಪಾಸ್‌ಪೋರ್ಟ್ ಕಿತ್ತುಕೊಂಡು ಮಗುವನ್ನು ಅಜ್ಜಿ ತಾತನ ಕೈಗೆ ಕೊಟ್ಟರು. ತಾಯಿಯನ್ನು ಕೆರ್ಮಾನ್ ಜೈಲಿಗೆ ಒಯ್ದು ಒಂಟಿ ಕೋಣೆಯಲ್ಲಿ ಹಾಕಿದರು. ಕಣ್ಣಿಗೆ ಬಟ್ಟೆ ಕಟ್ಟಿ ವಿಚಾರಣೆ. ಆಮೇಲೆ ಟೆಹ್ರಾನ್‌ನ ಎವಿನ್ ಜೈಲು. ಅದೇ ಸೆಪ್ಟೆಂಬರ್‌ನಲ್ಲಿ 5 ವರ್ಷ ಶಿಕ್ಷೆ, ಸರ್ಕಾರ ಉರುಳಿಸುವ ಪಿತೂರಿ ಅಂತ.

ಆ ಮಗು ಮೂರೂವರೆ ವರ್ಷ ಅಲ್ಲೇ ಅಜ್ಜಿ ಮನೆಯಲ್ಲಿ ಬೆಳೆಯಿತು. 2019ರ ಅಕ್ಟೋಬರ್‌ನಲ್ಲಿ ಸ್ಕೂಲಿಗೆ ಸೇರಿಸಬೇಕು ಅಂತ ಲಂಡನ್‌ಗೆ, ಅಪ್ಪನ ಹತ್ತಿರ, ಕಳಿಸಿದರು. ತಾಯಿಯನ್ನು ಬಿಟ್ಟಿದ್ದು 2022ರ ಮಾರ್ಚ್ 16ಕ್ಕೆ. ಹಬ್ಬಕ್ಕೆ ಹೋದವಳು ಆರು ವರ್ಷ ಆದಮೇಲೆ ಮನೆ ಸೇರಿದಳು. ನಿಮಗೂ ಒಬ್ಬ ಮಗಳು ಇದ್ದಾಳೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಬೆಂಕಿಪೊಟ್ಟಣ

ಯಾರೂ ಹೇಳದ ಮಾತು ನಾನು ಹೇಳುತ್ತೇನೆ, ಬೈಯುವವರು ಬೈಯಿರಿ. ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು ಇದು. ಆ ದೇಶ ಬೇಡ ಅಂತ ಬಿಟ್ಟು ಬಂದ ಮೇಲೆ ಅಲ್ಲಿನ ಪಾಸ್‌ಪೋರ್ಟ್ ಯಾಕೆ ಇಟ್ಟುಕೊಳ್ಳಬೇಕು? ಅನುಕೂಲಕ್ಕೆ ಅಲ್ಲಿಯವರು, ತೊಂದರೆ ಆದರೆ ಇಲ್ಲಿಯವರು. ಒಂದು ಇಟ್ಟುಕೊಳ್ಳಿ, ಒಂದು ಬಿಡಿ. ಸರಳ.

ಧಾರವಾಡ ಕೋರ್ಟು

ಬೆಂಕಿಪೊಟ್ಟಣ ಅವರೇ, ಸರಳ ಆಗಿದ್ದರೆ ನಮ್ಮಂಥ ವಕೀಲರಿಗೆ ಕೆಲಸ ಎಲ್ಲಿರುತ್ತಿತ್ತು ನೋಡ್ರಿ.

ಇರಾನ್‌ನ ಸಿವಿಲ್ ಕೋಡ್ 976ನೇ ಕಲಮು ಇದೆ. ಅದರ ಪ್ರಕಾರ ಇರಾನಿ ಅಪ್ಪನಿಗೆ ಹುಟ್ಟಿದವರೆಲ್ಲ ಇರಾನಿಗಳು. ಎಲ್ಲಿ ಹುಟ್ಟಿದರೂ ಸರಿ, ರೆಡಿಂಗ್‌ನಲ್ಲಾದರೂ ಸರಿ, ರಾಯಚೂರಿನಲ್ಲಾದರೂ ಸರಿ. ಅರ್ಜಿ ಹಾಕಬೇಕಿಲ್ಲ, ಯಾರೂ ನಿಮ್ಮನ್ನು ಕೇಳುವುದೂ ಇಲ್ಲ. ಬಿಡೋಣ ಅಂದರೆ 988ನೇ ಕಲಮು ನೋಡಿ. 25 ವರ್ಷ ತುಂಬಿರಬೇಕು, ಮಂತ್ರಿಮಂಡಲ ಒಪ್ಪಿಗೆ ಕೊಡಬೇಕು, ಗಂಡಸಾದರೆ ಸೈನ್ಯದ ಸೇವೆ ಮುಗಿಸಿರಬೇಕು. ಅಂದರೆ ಪಾಸ್‌ಪೋರ್ಟ್ ಹರಿದು ಒಲೆಗೆ ಹಾಕಿದರೂ ಅವರ ಲೆಕ್ಕದಲ್ಲಿ ನೀವು ಅವರ ಪ್ರಜೆಯೇ. ಈ ದೋಣಿಗೆ ಇವರು ಕಾಲಿಟ್ಟಿದ್ದಲ್ಲ, ಹುಟ್ಟುವಾಗಲೇ ದೋಣಿಯಲ್ಲಿ ಇದ್ದರು.

ಇನ್ನೊಂದು. ಎರಡು ಪೌರತ್ವ ಇದ್ದರೆ ಬ್ರಿಟನ್‌ನವರು ಬಂದು ಬಿಡಿಸುತ್ತಾರೆ ಅಂತ ಜನ ನಂಬಿರುತ್ತಾರೆ. 1930ರ ಹೇಗ್ ಒಪ್ಪಂದದ 4ನೇ ವಿಧಿ ಏನು ಹೇಳುತ್ತದೆ ಗೊತ್ತೇನು? ಒಬ್ಬ ವ್ಯಕ್ತಿ ಎರಡು ದೇಶದ ಪ್ರಜೆಯಾಗಿದ್ದರೆ, ಒಂದು ದೇಶ ಇನ್ನೊಂದರ ವಿರುದ್ಧ ಅವನ ಪರವಾಗಿ ನಿಲ್ಲುವ ಹಾಗಿಲ್ಲ. ಇರಾನ್ ಹಿಡಿದುಕೊಂಡಿರುವ ಹಗ್ಗ ಇದು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿ, ವಿದೇಶಿಯನ್ನು ಬಂಧಿಸಿದರೆ ಅವನು ಕೇಳಿದ ಕೂಡಲೇ ಅವನ ರಾಯಭಾರ ಕಚೇರಿಗೆ ತಿಳಿಸಬೇಕು, ಅಲ್ಲಿಯವರು ಜೈಲಿಗೆ ಬಂದು ಮಾತಾಡಲು ಬಿಡಬೇಕು ಅಂತಿದೆ. ಪಾಕಿಸ್ತಾನದ ಜೈಲಿನಲ್ಲಿರುವ ಕುಲಭೂಷಣ್ ಜಾಧವ್ ವಿಷಯದಲ್ಲಿ 2019ರಲ್ಲಿ ನಮ್ಮ ದೇಶ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಗೆದ್ದಿದ್ದು ಇದೇ ವಿಧಿ ಹಿಡಿದುಕೊಂಡು. ಆದರೆ ಇರಾನ್ ಏನು ಹೇಳುತ್ತದೆ? "ಇವಳು ವಿದೇಶಿಯೇ ಅಲ್ಲ, ನಮ್ಮವಳು. ನಿಮಗೇನು ಕೆಲಸ?" ಅಲ್ಲಿಗೆ ಬಾಗಿಲು ಮುಚ್ಚಿತು.

ಕಾನೂನು ಪೂರ್ತಿ ಅವರ ಕಡೆಗೇ ಇದೆ ಅಂತಲೂ ಅಲ್ಲ. 1984ರಲ್ಲಿ ಹೇಗ್‌ನ ಇರಾನ್-ಅಮೆರಿಕ ಟ್ರಿಬ್ಯೂನಲ್, ಎರಡು ಪೌರತ್ವ ಇರುವವರ ವಿಷಯದಲ್ಲಿ ಯಾವ ದೇಶದ ಜೊತೆ ನಿಜವಾದ, ಗಟ್ಟಿ ನಂಟು ಇದೆ ಅಂತ ನೋಡಬೇಕು ಅಂದಿತು. ಎಲ್ಲಿ ವಾಸ, ಎಲ್ಲಿ ಸಂಸಾರ, ಎಲ್ಲಿ ಕೆಲಸ. ಆದರೆ ಅದು ದುಡ್ಡಿನ ದಾವೆ. ಎವಿನ್ ಜೈಲಿನ ಗೇಟಿನ ಮುಂದೆ ಆ ತೀರ್ಪು ಓದಿದರೆ ಯಾರು ಕೇಳುತ್ತಾರೆ?

ಕುಕ್ಕರಹಳ್ಳಿ ಕೆರೆ

ವಕೀಲರೇ, ಓದಿ ಕೈಕಾಲು ತಣ್ಣಗಾಯಿತು. ಹಾಗಾದರೆ ಮಗಳೂ ಇರಾನಿಯೇ? ನಾನು? ನಾನು ಹುಟ್ಟಿದ್ದು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ!

ಧಾರವಾಡ ಕೋರ್ಟು

ಮಗಳು ಅವರ ಕಾನೂನಿನ ಪ್ರಕಾರ ಇರಾನಿಯೇ, ಅನುಮಾನ ಬೇಡ. ನಿಮ್ಮದು ಇನ್ನೂ ಚಂದ ಇದೆ. ಅದೇ 976ರ 6ನೇ ಉಪಕಲಮು: ಇರಾನಿ ಗಂಡನನ್ನು ಮದುವೆಯಾದ ಪ್ರತಿ ವಿದೇಶಿ ಹೆಣ್ಣೂ ಇರಾನಿ. ನಿಮ್ಮ ಮದುವೆಯನ್ನು ಅವರ ಕಚೇರಿಯಲ್ಲಿ ನೋಂದಾಯಿಸಿದ್ದರೆ ಕಾಗದದಲ್ಲೂ ಪಕ್ಕಾ ಆಗಿರುತ್ತದೆ. ನೋಂದಾಯಿಸಿದ್ದೀರಾ?

ಅಲ್ಲಿ ಮದುವೆಯಾದ ಹೆಣ್ಣುಮಗಳು ದೇಶ ಬಿಟ್ಟು ಹೊರಡಲು ಗಂಡನ ಒಪ್ಪಿಗೆ ಬೇಕು. ಗಂಡನನ್ನೇ ಒಳಗೆ ಹಾಕಿದರೆ? ಯೋಚನೆ ಮಾಡಿ.

ಕುಕ್ಕರಹಳ್ಳಿ ಕೆರೆ

ನೋಂದಾಯಿಸಿದ್ದೇವೆ ಸರ್. ಆಗ ಅತ್ತೆ ಮಾವನ ಸಮಾಧಾನಕ್ಕೆ ಅಂತ. ನನಗೊಂದು ಪುಟ್ಟ ಕೆಂಪು ಪುಸ್ತಕ ಕೊಟ್ಟರು, ಅದರಲ್ಲಿ ನನ್ನ ಹೆಸರು ಅವರ ಲಿಪಿಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಖುಷಿಪಟ್ಟಿದ್ದೆ. ನಮ್ಮಮ್ಮನಿಗೆ ಫೋಟೋ ಕೂಡ ಕಳಿಸಿದ್ದೆ.

ಸ್ಕಾರ್ಬರೊ ಚಳಿ

ಅಕ್ಕ, ಟೊರೊಂಟೊದಿಂದ ಬರೆಯುತ್ತಿದ್ದೇನೆ. ಇಲ್ಲಿ ಇರಾನಿಗಳು ಜಾಸ್ತಿ, ನನ್ನ ಪಕ್ಕದ ಮನೆಯವರೇ ಇದ್ದಾರೆ. ಕೆನಡಾದವರಿಗೆ ಇದು ನಜನೀನ್‌ಗಿಂತ ಮುಂಚೆಯೇ ಗೊತ್ತಾದ ವಿಷಯ.

ಜಹ್ರಾ ಕಜೆಮಿ ಅಂತ ಫೋಟೋಗ್ರಾಫರ್, ಮಾಂಟ್ರಿಯಲ್‌ನವರು, ಹುಟ್ಟಿದ್ದು ನಿಮ್ಮ ಅತ್ತೆಯ ಶಿರಾಜ್‌ನಲ್ಲೇ. 2003ರ ಜೂನ್‌ನಲ್ಲಿ ಎವಿನ್ ಜೈಲಿನ ಹೊರಗೆ, ಒಳಗಿರುವ ಮಕ್ಕಳಿಗಾಗಿ ಕಾಯುತ್ತಿದ್ದ ತಂದೆತಾಯಿಯರ ಫೋಟೋ ತೆಗೆದರು. ಹಿಡಿದುಕೊಂಡು ಹೋದರು. ಮೂರು ವಾರದೊಳಗೆ ಆಸ್ಪತ್ರೆಯಲ್ಲಿ ಸತ್ತರು. ಮೊದಲು ಪಾರ್ಶ್ವವಾಯು ಅಂದರು, ಆಮೇಲೆ ತಲೆಗೆ ಪೆಟ್ಟು ಬಿದ್ದಿದ್ದು ಅಂತ ಅಲ್ಲಿನ ಸರ್ಕಾರದವರೇ ಒಪ್ಪಿಕೊಳ್ಳಬೇಕಾಯಿತು. ದೇಹ ಕೊಡಿ ಅಂತ ಮಗ ಕೇಳಿದ, ಕೊಡಲಿಲ್ಲ, ಶಿರಾಜ್‌ನಲ್ಲೇ ಮಣ್ಣು ಮಾಡಿದರು. ಮಗ ಇಲ್ಲಿ ಕೇಸ್ ಹಾಕಿದ. 2014ರಲ್ಲಿ ಕೆನಡಾ ಸುಪ್ರೀಂ ಕೋರ್ಟ್, ಬೇರೆ ದೇಶದ ಸರ್ಕಾರದ ಮೇಲೆ ನಮ್ಮಲ್ಲಿ ಈ ದಾವೆ ನಡೆಯುವುದಿಲ್ಲ ಅಂದಿತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ.

2018ರಲ್ಲಿ ಕಾವೂಸ್ ಸಯ್ಯದ್ ಎಮಾಮಿ, ಪ್ರೊಫೆಸರ್, ಅಲ್ಲಿಯ ಚೀತಾಗಳನ್ನು ಉಳಿಸುವ ಕೆಲಸ ಮಾಡುತ್ತಿದ್ದವರು. ಎವಿನ್‌ನಲ್ಲೇ ಸತ್ತರು. ಆತ್ಮಹತ್ಯೆ ಅಂದರು. ಮನೆಯವರು ನಂಬಲಿಲ್ಲ. ಮಕ್ಕಳು ತಾಯಿಯನ್ನು ಕರೆದುಕೊಂಡು ಕೆನಡಾಕ್ಕೆ ಹೊರಟರೆ ವಿಮಾನ ನಿಲ್ದಾಣದಲ್ಲಿ ತಾಯಿಯನ್ನು ಮಾತ್ರ ಇಳಿಸಿಕೊಂಡರು. ಒಂದೂವರೆ ವರ್ಷದ ಮೇಲೆ ಬಿಟ್ಟರು.

ನಮ್ಮ ಪಕ್ಕದ ಮನೆ ಆಂಟಿ ಹೇಳುತ್ತಿರುತ್ತಾರೆ, "ನಮಗೆ ಎರಡು ಪಾಸ್‌ಪೋರ್ಟ್ ಇದ್ದರೆ ಎರಡು ಮನೆ ಅಂದುಕೊಂಡಿದ್ದೆವು, ಈಗ ನೋಡಿದರೆ ಎರಡೂ ಕಡೆ ನೆಂಟರು" ಅಂತ.

ಗೌರಿಬಿದನೂರು ಹುಡುಗ

ನಾನು ಅಲೀಪುರದವನು. ನಮ್ಮೂರಿಗೂ ಇರಾನ್‌ಗೂ ಹಳೇ ನಂಟು. ನಮ್ಮ ಮನೆಗಳಿಂದ ಹುಡುಗರು ಹುಡುಗಿಯರು ಕೋಮ್‌ಗೆ, ಟೆಹ್ರಾನ್‌ಗೆ ಓದಲು ಹೋಗುತ್ತಾರೆ. 2025ರ ಜೂನ್‌ನಲ್ಲಿ ಬಾಂಬ್ ಬಿದ್ದಾಗ ಊರಿಗೆ ಊರೇ ಫೋನ್ ಹಿಡಿದುಕೊಂಡು ಕೂತಿತ್ತು. ಭಾರತದ ರಾಯಭಾರ ಕಚೇರಿಯವರು ನಮ್ಮ ಮಕ್ಕಳನ್ನು ಕರೆದುಕೊಂಡು ಬಂದರು.

ಇಲ್ಲಿ ಓದಿದರೆ ಇರಾನ್ ಅಂದರೆ ಬರೀ ಜೈಲು ಅನ್ನೋ ಹಾಗಿದೆ. ಅಲ್ಲಿನ ಜನ ಅತಿಥಿಗೆ ಪ್ರಾಣ ಕೊಡುವವರು, ಹೋಗಿ ಬಂದ ಯಾರನ್ನಾದರೂ ಕೇಳಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಗೊತ್ತಲ್ಲ, ಆ ಆಘಾ ಅಲಿ ಅಸ್ಕರ್ ಕೂಡ ಶಿರಾಜ್‌ನಿಂದ ಕುದುರೆ ಮಾರಲು ಬಂದವರು. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಈ ಅಲಿ ಅಸ್ಕರ್ ಅವರ ಮೊಮ್ಮಗ. ಶಿರಾಜ್‌ನವರು ನಮಗೇನು ಹೊಸಬರಲ್ಲ.

ಅಮೆರಿಕದವರು ಮಾಡಿದ್ದು ಮಾತ್ರ ಯಾರೂ ಬರೆಯಲಿಲ್ಲ ನೋಡಿ. ಮಹೆರ್ ಅರಾರ್ ಕಥೆ ಹೇಳಿ ಕೆನಡಾದ ಅಣ್ಣ.

ಸ್ಕಾರ್ಬರೊ ಚಳಿ

ನೀನು ಹೇಳಿದ್ದು ಸರಿ ತಮ್ಮ, ಅದನ್ನು ಬಿಡಬಾರದಿತ್ತು.

ಮಹೆರ್ ಅರಾರ್ ಸಿರಿಯಾದಲ್ಲಿ ಹುಟ್ಟಿ ಹದಿಹರೆಯದಲ್ಲೇ ಕೆನಡಾಕ್ಕೆ ಬಂದವರು, ಎಂಜಿನಿಯರ್. 2002ರ ಸೆಪ್ಟೆಂಬರ್‌ನಲ್ಲಿ ಟ್ಯುನೀಷಿಯಾದಿಂದ ರಜೆ ಮುಗಿಸಿ ವಾಪಸ್ ಬರುವಾಗ ನ್ಯೂಯಾರ್ಕ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಸಿರಿಯಾಕ್ಕೆ ಹೊರಟವರೇ ಅಲ್ಲ, ಗಮನಿಸಿ. ಅಮೆರಿಕದವರು ಹಿಡಿದರು. ಕೈಯಲ್ಲಿ ಕೆನಡಾ ಪಾಸ್‌ಪೋರ್ಟ್ ಇದೆ, ಕೆನಡಾ ಅಲ್ಲೇ ಪಕ್ಕದಲ್ಲಿದೆ. ಆದರೂ "ನೀನು ಸಿರಿಯಾ ಪ್ರಜೆಯೂ ಹೌದಲ್ಲ" ಅಂತ ಜೋರ್ಡಾನ್ ಮೂಲಕ ಡಮಾಸ್ಕಸ್‌ಗೆ ಸಾಗಿಸಿದರು. ಅಲ್ಲಿ ಕೇಬಲ್‌ನಿಂದ ಹೊಡೆತ. ಮೂರಡಿ ಅಗಲ, ಆರಡಿ ಉದ್ದ, ಏಳಡಿ ಎತ್ತರದ ಗುಂಡಿಯಂಥ ಕೋಣೆ, ಗೋರಿ ಅಂತಲೇ ಅವರು ಅದನ್ನು ಕರೆದರು. ಅದರಲ್ಲಿ ಹತ್ತು ತಿಂಗಳು. ಕೊನೆಗೆ 2003ರ ಅಕ್ಟೋಬರ್‌ನಲ್ಲಿ ಬಿಟ್ಟರು.

ಕೆನಡಾ ಪೊಲೀಸರೇ ಅಮೆರಿಕಕ್ಕೆ ತಪ್ಪು ಮಾಹಿತಿ ಕೊಟ್ಟಿದ್ದರು ಅಂತ 2006ರಲ್ಲಿ ವಿಚಾರಣಾ ಆಯೋಗ ಹೇಳಿತು, ಈ ಮನುಷ್ಯ ಯಾವ ತಪ್ಪೂ ಮಾಡಿಲ್ಲ ಅಂತಲೂ ಹೇಳಿತು. 2007ರಲ್ಲಿ ಪ್ರಧಾನಿ ಕ್ಷಮೆ ಕೇಳಿ ಒಂದು ಕೋಟಿ ಐದು ಲಕ್ಷ ಡಾಲರ್ ಪರಿಹಾರ ಕೊಟ್ಟರು. ಅಮೆರಿಕ ಕ್ಷಮೆ ಕೇಳಲಿಲ್ಲ.

ಅಂದರೆ ಒಂದು ದೇಶಕ್ಕೆ ಎರಡನೇ ಪೌರತ್ವ ಹಿಡಿದಿಡುವ ನೆಪ, ಇನ್ನೊಂದು ದೇಶಕ್ಕೆ ಕೈತೊಳೆದುಕೊಳ್ಳುವ ನೆಪ.

ಬೆಂಕಿಪೊಟ್ಟಣ

ಸರಿ, ಹುಟ್ಟಿನಿಂದ ಬಂದಿದ್ದು, ಬಿಡಲು ಆಗಲ್ಲ. ಒಪ್ಪಿದೆ. ವಕೀಲರು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ. ಇಂಥ ಸಾಮಾನ್ಯ ಜನರನ್ನು ಹಿಡಿದು ಇರಾನ್‌ಗೆ ಲಾಭ ಏನು? ಊಟ ಹಾಕಬೇಕು, ಕೆಟ್ಟ ಹೆಸರು ಬೇರೆ. ಏನೋ ಇಲ್ಲದೆ ಹಿಡಿಯುತ್ತಾರಾ?

ಲೀಡ್ಸ್ ರೊಟ್ಟಿ

ಲಾಭ ಏನು ಅಂತ ಕೇಳಿದಿರಾ? ಕೂತುಕೊಂಡು ಓದಿ.

1970ರ ದಶಕದಲ್ಲಿ ಇರಾನ್‌ನ ದೊರೆ ಶಾ ಬ್ರಿಟನ್‌ನಿಂದ 1,500ಕ್ಕೂ ಹೆಚ್ಚು ಚೀಫ್‌ಟನ್ ಯುದ್ಧ ಟ್ಯಾಂಕ್‌ಗಳಿಗೆ ಆರ್ಡರ್ ಕೊಟ್ಟು ದುಡ್ಡು ಕಟ್ಟಿದ್ದರು. 185 ಟ್ಯಾಂಕ್ ಹೋದವು. 1979ರಲ್ಲಿ ಕ್ರಾಂತಿ ಆಯಿತು, ಶಾ ಓಡಿದರು, ಬ್ರಿಟನ್ ಉಳಿದ ಟ್ಯಾಂಕನ್ನೂ ಕಳಿಸಲಿಲ್ಲ, ದುಡ್ಡನ್ನೂ ವಾಪಸ್ ಕೊಡಲಿಲ್ಲ. ಸುಮಾರು 40 ಕೋಟಿ ಪೌಂಡ್. ಕೋರ್ಟು, ಮಧ್ಯಸ್ಥಿಕೆ ಅಂತ ದಶಕಗಟ್ಟಲೆ ಎಳೆದಾಡಿದರು. ನಿನ್ನನ್ನು ಹಿಡಿದಿರುವುದು ಈ ಬಾಕಿಗಾಗಿಯೇ ಅಂತ ವಿಚಾರಣೆ ಮಾಡುವವರು ತನಗೆ ಹೇಳಿದ್ದರು ಅಂತ ನಜನೀನ್ ಅವರೇ ಹೇಳಿದ್ದಾರೆ. 2022ರ ಮಾರ್ಚ್‌ನಲ್ಲಿ ಬ್ರಿಟನ್ 39 ಕೋಟಿ ಚಿಲ್ಲರೆ ಪೌಂಡ್ ಕಟ್ಟಿತು. ಅದೇ ಹೊತ್ತಿಗೆ ಆಕೆ ವಿಮಾನ ಹತ್ತಿದಳು. ಎರಡಕ್ಕೂ ಸಂಬಂಧ ಇಲ್ಲ ಅಂತ ಬ್ರಿಟನ್ ಬಹಳ ದಿನ ಹೇಳುತ್ತಲೇ ಇತ್ತು. ಕೋಣಗಳೆರಡು ಕಾದಾಡಿ ಗಿಡ ನುಗ್ಗಾಯಿತು, ಅಷ್ಟೇ.

ಅಮೆರಿಕದ್ದೂ ಅದೇ ಕಥೆ. ಸಿಯಾಮಕ್ ನಮಾಜಿ ಅಂತ ವ್ಯಾಪಾರಿ, 2015ರ ಅಕ್ಟೋಬರ್‌ನಲ್ಲಿ ಹಿಡಿದರು. ಅವರ ತಂದೆ ಬಾಕರ್ ನಮಾಜಿ, ಯುನಿಸೆಫ್‌ನಲ್ಲಿದ್ದು ನಿವೃತ್ತರಾದವರು, ಎಂಬತ್ತರ ಹತ್ತಿರದ ಮುದುಕರು, ಮಗನನ್ನು ಬಿಡಿಸಲು ಅಂತ ಹೋದರು. ಇಳಿದ ಕೂಡಲೇ ಅವರನ್ನೂ ಹಿಡಿದರು! ಮಗ ಸುಮಾರು ಎಂಟು ವರ್ಷ ಒಳಗಿದ್ದ. 2023ರ ಸೆಪ್ಟೆಂಬರ್ 18ರಂದು ಐದು ಜನರನ್ನು ಬಿಟ್ಟರು. ಆ ಕಡೆ ದಕ್ಷಿಣ ಕೊರಿಯಾದಲ್ಲಿ ತಡೆಹಿಡಿದಿದ್ದ ಇರಾನ್‌ನ 600 ಕೋಟಿ ಡಾಲರ್ ಕತಾರ್ ಬ್ಯಾಂಕಿಗೆ ಬಂತು, ಅಮೆರಿಕದ ಜೈಲಿನಿಂದಲೂ ಐದು ಇರಾನಿಗಳನ್ನು ಬಿಟ್ಟರು.

ಊಟದ ಖರ್ಚಿನ ಲೆಕ್ಕ ಸಿಕ್ಕಿತಾ?

ಬೆಂಕಿಪೊಟ್ಟಣ

ಸಿಕ್ಕಿತು. ಸುಮ್ನೆ ಬೆಂಕಿ ಹಚ್ಚಲು ಬಂದೆ, ನನಗೇ ತಾಗಿತು. ಹಾಗಾದರೆ ದುಡ್ಡು ಕೊಡುವುದು ತಪ್ಪಲ್ವಾ? ಕೊಟ್ಟಷ್ಟೂ ಮುಂದಿನವರನ್ನು ಹಿಡಿಯುತ್ತಾರೆ.

ಹಳೇ ಮೇಷ್ಟ್ರು

ನಿವೃತ್ತ ಮನುಷ್ಯ, ಎಲ್ಲವನ್ನೂ ಓದಿದೆ. ಬೆಂಕಿಪೊಟ್ಟಣ ಅವರ ಈ ಪ್ರಶ್ನೆ ಒಳ್ಳೆಯದು. ದುಡ್ಡು ಕೊಟ್ಟರೆ ಸಂತೆ ಬೆಳೆಯುತ್ತದೆ, ನಿಜ. ಆದರೆ ಒಳಗಿರುವುದು ನಿಮ್ಮ ಮಗಳಾದರೆ ಈ ತತ್ವ ಹೇಳುತ್ತೀರಾ? ನನಗೆ ಆಗುವುದಿಲ್ಲ. ಟ್ಯಾಂಕಿನ ದುಡ್ಡಂತೂ ನಿಜವಾಗಿ ಕೊಡಬೇಕಾದ ಸಾಲ, ಕೊಟ್ಟಿದ್ದರಲ್ಲಿ ತಪ್ಪೇನಿಲ್ಲ. ತಪ್ಪಾಗಿದ್ದು ಆರು ವರ್ಷ ತಡ ಮಾಡಿದ್ದು.

ನನ್ನನ್ನು ಕಾಡುವುದು ಬಿಡುಗಡೆಯಾಗಿ ಬಂದವರಿಗಿಂತ ಅಲ್ಲೇ ಉಳಿದುಹೋದವರ ವಿಷಯ. ಅಹ್ಮದ್‌ರೆಜಾ ಜಲಾಲಿ ಅಂತ ಸ್ವೀಡನ್‌ನಲ್ಲಿ ನೆಲೆಸಿದ್ದ ಇರಾನಿ ವೈದ್ಯ. ಭೂಕಂಪ, ಪ್ರವಾಹ ಆದಾಗ ಆಸ್ಪತ್ರೆಗಳು ಏನು ಮಾಡಬೇಕು ಅನ್ನುವುದು ಅವರ ಅಧ್ಯಯನ. 2016ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದವರೇ ಕರೆದಿದ್ದರು. ಹೋದರು. ಗೂಢಚಾರ ಅಂತ ಮರುವರ್ಷವೇ ಮರಣದಂಡನೆ. ಜೈಲಿನಲ್ಲಿರುವಾಗಲೇ, 2018ರಲ್ಲಿ, ಸ್ವೀಡನ್ ಅವರಿಗೆ ಪೌರತ್ವ ಕೊಟ್ಟಿತು, ರಕ್ಷಣೆಯಾಗಲಿ ಅಂತ. 2024ರ ಜೂನ್‌ನಲ್ಲಿ ಸ್ವೀಡನ್ ತನ್ನ ಜೈಲಿನಲ್ಲಿದ್ದ ಹಮೀದ್ ನೂರಿ ಅನ್ನುವ ಇರಾನಿ ಮಾಜಿ ಅಧಿಕಾರಿಯನ್ನು ಕೊಟ್ಟು ತನ್ನ ಇಬ್ಬರನ್ನು ಬಿಡಿಸಿಕೊಂಡಿತು. ಎಂಟು ವರ್ಷದಿಂದ ಒಳಗಿದ್ದ ಜಲಾಲಿ ಆ ಇಬ್ಬರಲ್ಲಿ ಇರಲಿಲ್ಲ. ಜಲಾಲಿ ನಮ್ಮವನು, ನಿಮ್ಮವನಲ್ಲ ಅನ್ನುವುದು ಇರಾನ್ ವಾದ. 2025ರ ಜೂನ್‌ನಲ್ಲಿ ಎವಿನ್ ಜೈಲಿನ ಮೇಲೆ ಇಸ್ರೇಲ್ ಬಾಂಬ್ ಹಾಕಿದಾಗಲೂ ಅವರು ಸೆರೆಯಲ್ಲೇ ಇದ್ದರು.

2022ರಲ್ಲಿ ನಜನೀನ್ ಜೊತೆ ಅನೂಶೆ ಅಶೂರಿ ಅನ್ನುವವರೂ ಬಂದರು. ನಿವೃತ್ತ ಎಂಜಿನಿಯರ್, 2017ರಲ್ಲಿ ವಯಸ್ಸಾದ ತಾಯಿಯನ್ನು ನೋಡಲು ಹೋಗಿದ್ದರು, ಬೀದಿಯಲ್ಲೇ ಎತ್ತಿಕೊಂಡು ಹೋಗಿದ್ದರು. ಅದೇ ಹೊತ್ತಿಗೆ ಮೊರಾದ್ ತಹ್‌ಬಾಜ್ ಕೂಡ ಬರಬೇಕಿತ್ತು. ಇವರು ಹುಟ್ಟಿದ್ದು ಲಂಡನ್‌ನಲ್ಲಿ, ಬ್ರಿಟನ್, ಅಮೆರಿಕ, ಇರಾನ್ ಮೂರರ ಪ್ರಜೆ. ಮೂರು ಇದ್ದೂ ಏನು ಉಪಯೋಗ? ಬ್ರಿಟನ್ ಲೆಕ್ಕದಲ್ಲಿ ಬರಲಿಲ್ಲ, ಇನ್ನೂ ಒಂದೂವರೆ ವರ್ಷ ಕಾದು ಅಮೆರಿಕದ ಲೆಕ್ಕದಲ್ಲಿ ಬಂದರು. ರೇಷನ್ ಅಂಗಡಿಯಲ್ಲಿ "ನಿಮ್ಮ ಹೆಸರು ಆ ಡಿಪೋದಲ್ಲಿದೆ, ಅಲ್ಲಿ ಹೋಗಿ" ಅಂತಾರಲ್ಲ, ಹಾಗೆ.

ಕೆರೆಯವರೇ, ನಿಮ್ಮ ಯಜಮಾನರು ತಾಯಿಯನ್ನು ನೋಡಬೇಕು ಅನ್ನುವುದು ತಪ್ಪಲ್ಲ. ಅಶೂರಿಯೂ ಅದಕ್ಕೇ ಹೋಗಿದ್ದು.

ದೋಸೆ ಡಲ್ಲಾಸ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗನಿಗೆ ಅಮೆರಿಕ ಪಾಸ್‌ಪೋರ್ಟ್ ಮತ್ತು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇದೆ. ಅಜ್ಜಿ ಮನೆಗೆ ಹಾಸನಕ್ಕೆ ಪ್ರತಿ ವರ್ಷ ಹೋಗುತ್ತೇವೆ. ಅವನೂ ಎರಡು ಪೌರತ್ವದವನಾ? ಇದನ್ನೆಲ್ಲ ಓದಿ ಭಯ ಆಗುತ್ತಿದೆ.

ಧಾರವಾಡ ಕೋರ್ಟು

ಹೆದರಬೇಡ್ರಿ. ಓಸಿಐಗೆ ಪೌರತ್ವ ಅನ್ನುವ ಹೆಸರಿದೆ, ಪೌರತ್ವ ಅಲ್ಲ. ಅದು ಬದುಕಿರುವವರೆಗೆ ನಡೆಯುವ ವೀಸಾ ಇದ್ದ ಹಾಗೆ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಇಲ್ಲಿಯವರು ಬೇರೆ ದೇಶದ ಪೌರತ್ವ ತೆಗೆದುಕೊಂಡ ಕ್ಷಣವೇ ಇಲ್ಲಿಯದು ಹೋಯಿತು. ನಿಮ್ಮ ಮಗ ದೇವನಹಳ್ಳಿಯಲ್ಲಿ ಇಳಿದಾಗ ನಮ್ಮ ಸರ್ಕಾರಕ್ಕೆ ಅವನು ಅಮೆರಿಕದ ಪ್ರಜೆ. ಏನಾದರೂ ಆದರೆ ಅಮೆರಿಕದ ಕಾನ್ಸುಲೇಟ್‌ನವರು ಬರಲು ದಾರಿ ಇದೆ. "ಇವನು ನಮ್ಮವನು, ನೀವು ಬರಬೇಡಿ" ಅಂತ ಭಾರತ ಹೇಳಲು ಆಗುವುದಿಲ್ಲ. ಎರಡು ಪೌರತ್ವ ಕೊಡುವುದಿಲ್ಲ ಅಂತ ನಾವು ಬೈದುಕೊಳ್ಳುವ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ, ವಿಚಿತ್ರ ಅಲ್ವಾ.

ಆದರೆ ರಾಯಭಾರಿ ಕಚೇರಿಯವರು ಬಂದರೆ ಎಲ್ಲ ಸರಿಯಾಯಿತು ಅಂತಲ್ಲ. ಸ್ಕಾಟ್ಲೆಂಡ್‌ನ ಜಗತಾರ್ ಸಿಂಗ್ ಜೋಹಲ್, ಹುಟ್ಟಿದ್ದೇ ಅಲ್ಲಿ, ಬ್ರಿಟಿಷ್ ಪ್ರಜೆ. 2017ರಲ್ಲಿ ಪಂಜಾಬ್‌ಗೆ ಮದುವೆಗೆ ಬಂದವನನ್ನು ಕೊಲೆ ಸಂಚಿನ ಆರೋಪದ ಮೇಲೆ ಹಿಡಿದರು. ಹಿಂಸೆ ಕೊಟ್ಟು ಸಹಿ ಹಾಕಿಸಿಕೊಂಡರು ಅಂತ ಅವನು ಹೇಳುತ್ತಾನೆ, ನಮ್ಮ ಅಧಿಕಾರಿಗಳು ಇಲ್ಲ ಅನ್ನುತ್ತಾರೆ. 2025ರ ಮಾರ್ಚ್‌ನಲ್ಲಿ ಮೋಗಾ ಕೋರ್ಟು ಒಂದು ಕೇಸಿನಲ್ಲಿ ಬಿಟ್ಟಿತು. ಬೇರೆ ಕೇಸುಗಳಿದ್ದವು, ಹೊರಗೆ ಬರಲಿಲ್ಲ. ತಪ್ಪು ಮಾಡಿದ್ದಾನೋ ಇಲ್ಲವೋ ಕೋರ್ಟು ಹೇಳಲಿ, ಆದರೆ ತೀರ್ಪಿಗೆ ಇಷ್ಟು ವರ್ಷ ಕಾಯಿಸುವುದು ನಮಗೆ ಶೋಭೆಯಲ್ಲ. ಈ ಮಾತಿಗೆ ಇಲ್ಲಿ ಜಗಳ ಶುರುವಾಗುತ್ತದೆ ಅಂತ ಗೊತ್ತು, ಜಗಳ ಬೇಕಾದವರು ಬೇರೆ ಕಡೆ ಮಾಡಿ, ಇದು ಕೆರೆಯವರ ಪ್ರಶ್ನೆ.

ಗೌರಿಬಿದನೂರು ಹುಡುಗ

ಅಕ್ಕ, ಒಂದು ಕೇಳಬೇಕು. ಬ್ರಿಟಿಷ್ ಪಾಸ್‌ಪೋರ್ಟ್‌ನಲ್ಲಿ ವೀಸಾ ಹಾಕಿಸಿಕೊಂಡು ಹೋದರೆ? ಆಗ ನೀವು ಬ್ರಿಟಿಷರು ಅಂತ ಕಾಗದದಲ್ಲಿ ಇರುತ್ತಲ್ಲ?

ಲೀಡ್ಸ್ ರೊಟ್ಟಿ

ಆಗಲ್ಲ ತಮ್ಮ. ತಮ್ಮ ಪ್ರಜೆ ಅಂತ ಅವರು ತಿಳಿದಿರುವವರು ಇರಾನಿ ಪಾಸ್‌ಪೋರ್ಟ್‌ನಲ್ಲೇ ಒಳಗೆ ಬರಬೇಕು, ಅದರಲ್ಲೇ ಹೊರಗೆ ಹೋಗಬೇಕು. ಬ್ರಿಟಿಷ್ ಪಾಸ್‌ಪೋರ್ಟ್ ಸೂಟ್‌ಕೇಸ್ ತಳದಲ್ಲಿ ಸೀರೆ ಮಧ್ಯೆ ಇರುತ್ತೆ, ಅಷ್ಟೇ ಅದರ ಉಪಯೋಗ. ಬ್ರಿಟಿಷ್ ವಿದೇಶಾಂಗ ಇಲಾಖೆಯ ಸಲಹೆ ಓದಿ ಅಕ್ಕ, ಬ್ರಿಟಿಷ್ ಪಾಸ್‌ಪೋರ್ಟ್ ಇರುವುದೇ, ಬ್ರಿಟನ್ ಜೊತೆ ನಂಟು ಇರುವುದೇ ಬಂಧನಕ್ಕೆ ಸಾಕಾಗುವ ಕಾರಣ ಆಗಬಹುದು ಅಂತ ನೇರವಾಗಿ ಬರೆದಿದ್ದಾರೆ. ಸರ್ಕಾರದವರು ಇಷ್ಟು ಬಿಚ್ಚಿ ಬರೆಯುವುದು ಅಪರೂಪ.

ಬ್ರಿಟನ್ ಸಹಾಯಕ್ಕೆ ಬರುತ್ತದೆ ಅನ್ನುವ ಭರವಸೆ ಇದ್ದರೆ ಇನ್ನೊಂದು ಕೇಳಿ. 2017ರ ನವೆಂಬರ್‌ನಲ್ಲಿ ಬೋರಿಸ್ ಜಾನ್ಸನ್ ವಿದೇಶಾಂಗ ಮಂತ್ರಿ. ಸಂಸತ್ ಸಮಿತಿ ಮುಂದೆ ಕೂತು ನಜನೀನ್ ಅಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದಳು ಅಂದುಬಿಟ್ಟರು. ಅದು ಸುಳ್ಳು, ಅವಳು ರಜೆಗೆ ಹೋಗಿದ್ದಳು. ಮೂರೇ ದಿನಕ್ಕೆ ಅವಳನ್ನು ಮತ್ತೆ ಕೋರ್ಟಿಗೆ ಕರೆಸಿ, ನಿಮ್ಮ ಮಂತ್ರಿಯೇ ಹೇಳಿದ್ದಾರಲ್ಲ ಅಂದರು. ಗಂಡ 2021ರಲ್ಲಿ ಲಂಡನ್‌ನ ವಿದೇಶಾಂಗ ಕಚೇರಿ ಮುಂದೆ ಚಳಿಯಲ್ಲಿ ಟೆಂಟ್ ಹಾಕಿ 21 ದಿನ ಉಪವಾಸ ಕೂತ. ತನ್ನ ಸರ್ಕಾರದ ಕಿವಿಗೆ ಬೀಳಲಿ ಅಂತ!

ಕೊನೇ ದಿನದ ವಿಷಯ ಕೇಳಿದರೆ ಮೈ ಉರಿಯುತ್ತದೆ. ವಿಮಾನ ಹತ್ತುವ ಮುಂಚೆ ತಪ್ಪೊಪ್ಪಿಗೆ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಬ್ರಿಟಿಷ್ ಅಧಿಕಾರಿಯೊಬ್ಬರು ಅಲ್ಲೇ ಇದ್ದರು ಅಂತ ಆಮೇಲೆ ನಜನೀನ್ ಹೇಳಿದರು. ಆರು ವರ್ಷ ಇಲ್ಲ ಇಲ್ಲ ಅಂದವಳು ಕೊನೆಗೆ ಸಹಿ ಹಾಕಿ ಬರಬೇಕಾಯಿತು.

ಕುಕ್ಕರಹಳ್ಳಿ ಕೆರೆ

ಮೂರು ದಿನ ಆಯಿತು ಬರೆಯದೆ. ನಿಮ್ಮೆಲ್ಲರ ಮಾತನ್ನೂ ಇವರಿಗೆ ಓದಿ ಹೇಳಿದೆ. ಕನ್ನಡ ಅರ್ಥ ಆಗುತ್ತೆ ಇವರಿಗೆ, ಓದಲು ಬರಲ್ಲ. ಅಲಿ ಅಸ್ಕರ್ ವಿಷಯಕ್ಕೆ ನಕ್ಕರು. ಟ್ಯಾಂಕಿನ ವಿಷಯಕ್ಕೆ ಸುಮ್ಮನಾದರು. ಆಮೇಲೆ "ನಾನೊಬ್ಬನೇ ಹೋಗಿ ಬರುತ್ತೇನೆ, ನೀವಿಬ್ಬರು ಬೇಡ" ಅಂದರು. ಆ ರಾತ್ರಿ ನಮ್ಮ ಮನೆಯಲ್ಲಿ ದೊಡ್ಡ ಜಗಳ. ಬರೆಯಬಾರದ ಮಾತೆಲ್ಲ ಆಡಿದೆ. ನಿಮ್ಮ ತಾಯಿಗೆ ನೀವೊಬ್ಬರೇ ಮಗ ಇರಬಹುದು, ಇವಳಿಗೂ ನೀವೊಬ್ಬರೇ ಅಪ್ಪ ಅಂದೆ.

ಬೆಳಿಗ್ಗೆ ಎದ್ದು ಅತ್ತೆಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಇವರು ಬಾಯಿ ಬಿಡುವ ಮುಂಚೆಯೇ ಅವರು "ಬರಬೇಡ" ಅಂದರು. ಫೋನಿನಲ್ಲಿ ಜಾಸ್ತಿ ಮಾತಾಡುವುದಿಲ್ಲ ಅವರು, ಯಾರು ಕೇಳುತ್ತಿರುತ್ತಾರೋ ಅಂತ. ಹವಾಮಾನ ಸರಿ ಇಲ್ಲ, ಇಲ್ಲಿ ಮಳೆ ಜಾಸ್ತಿ, ಬರಬೇಡ ಅಂದರು. ಶಿರಾಜ್‌ನಲ್ಲಿ ಮಳೆಯೇ ಇರಲಿಲ್ಲ, ನಾನು ನೋಡಿದೆ.

ಸ್ಕಾರ್ಬರೊ ಚಳಿ

ಅಕ್ಕ, ಇಲ್ಲಿನ ಇರಾನಿಗಳು ಮಾಡುವುದು ಹೇಳಲಾ? ಮೂರನೇ ದೇಶದಲ್ಲಿ ಸೇರುತ್ತಾರೆ. ಟರ್ಕಿಗೆ ಇರಾನ್‌ನವರಿಗೆ ವೀಸಾ ಬೇಡ. ಅರ್ಮೇನಿಯಾದ ಯೆರೆವಾನ್‌ಗೂ ಬೇಡ. ನಮ್ಮ ಪಕ್ಕದ ಮನೆಯವರು ಅಮ್ಮನನ್ನು ಇಸ್ತಾಂಬುಲ್‌ಗೆ ಕರೆಸಿಕೊಂಡು ಎರಡು ವಾರ ಜೊತೆಗಿದ್ದು ಬಂದರು. ಅಡುಗೆ ಮನೆ ಇರುವ ಬಾಡಿಗೆ ಮನೆ ಹಿಡಿದರೆ ಅಮ್ಮಂದಿರು ಖುಷಿಯಾಗಿರುತ್ತಾರೆ, ಹೋಟೆಲ್ ಊಟ ಅವರಿಗೆ ಹಿಡಿಸಲ್ಲ.

ಹಳೇ ಮೇಷ್ಟ್ರು

ಇದು ಒಳ್ಳೆಯ ದಾರಿ. ಮಂಡಿ ನೋವಿನವರು ವಿಮಾನ ನಿಲ್ದಾಣದಲ್ಲಿ ಗಾಲಿ ಕುರ್ಚಿ ಕೇಳಬಹುದು, ಮುಂಚೆಯೇ ಹೇಳಿಡಬೇಕು. ನನ್ನಾಕೆಗೆ ಹಾಗೇ ಮಾಡಿದ್ದೆವು. ಜೊತೆಗೆ ಯಾರಾದರೂ ಬಂದರೆ ಇನ್ನೂ ಒಳ್ಳೆಯದು.

ಕುಕ್ಕರಹಳ್ಳಿ ಕೆರೆ

ನಾದಿನಿ ಕರೆದುಕೊಂಡು ಬರುತ್ತಾಳಂತೆ. ಇಸ್ತಾಂಬುಲ್ ಬಹಳ ದೂರ ಆಯಿತು ಅನ್ನುತ್ತಾರೆ ಅತ್ತೆ, ಗಡಿಗೆ ಹತ್ತಿರದ ವಾನ್ ಊರು ಆಗಬಹುದಂತೆ, ಅಲ್ಲಿ ಅವರ ಗೆಳತಿ ಒಬ್ಬರು ಹೋಗಿ ಬಂದಿದ್ದಾರಂತೆ. ಮಾರ್ಚ್‌ನಲ್ಲಿ ಅಲ್ಲಿ ಇನ್ನೂ ಹಿಮ ಇರುತ್ತಾ? ನೆಲಮಹಡಿಯಲ್ಲೋ ಲಿಫ್ಟ್ ಇರುವ ಕಟ್ಟಡದಲ್ಲೋ ಅಡುಗೆ ಮನೆ ಇರುವ ಜಾಗ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಐದು ಜನ, ಹತ್ತು ದಿನಕ್ಕೆ. ಮಗಳು ಅಜ್ಜಿಗೆ ಒಬ್ಬಟ್ಟು ಮಾಡಿಕೊಡಬೇಕು ಅನ್ನುತ್ತಿದ್ದಾಳೆ, ಸಕ್ಕರೆ ಕಾಯಿಲೆಯವರಿಗೆ ಏನು ಹೇಳಲಿ.